ಗಾಳಿಗೆ ಎರಡು ಬಾಗಿಲು

ಕರಿಘಟ್ಟದ ಮೆಟ್ಟಿಲುಗಳನ್ನು ಏರುವುದು ಈ ವಯಸ್ಸಿನಲ್ಲಿ ನನಗೆ ಸುಲಭದ ಕೆಲಸವೇನಲ್ಲ. ಆದರೂ ಬೇಸಿಗೆಯ ಸಂಜೆಗಳಲ್ಲಿ ವಾರಕ್ಕೊಮ್ಮೆಯಾದರೂ ನಿಧಾನವಾಗಿ ಹತ್ತುತ್ತೇನೆ. ವೈಕುಂಠ ಶ್ರೀನಿವಾಸನ ದರ್ಶನ ಮಾಡಿಕೊಂಡು ಹೊರಗಿನ ಬಂಡೆಯ ಮೇಲೆ ಕುಳಿತರೆ ಕೆಳಗೆ ಲೋಕಪಾವನಿ, ಅದರ ಆಚೆಗೆ ಗದ್ದೆ ಮತ್ತು ಕಬ್ಬಿನ ಹಸಿರು, ದೂರದಲ್ಲಿ ಶ್ರೀರಂಗಪಟ್ಟಣ. ಬೆವರಿದ ಮೈಗೆ ಗಾಳಿ ತಾಕಿದಾಗ ಏಪ್ರಿಲ್ ತಿಂಗಳೆಂಬುದೇ ಮರೆತುಹೋಗುತ್ತದೆ. ಅದೇ ಬೆಟ್ಟವಿಳಿದು ಬುಡದಲ್ಲಿರುವ ನನ್ನ ಆರ್‌ಸಿಸಿ ಮನೆಯ ಕೋಣೆಗೆ ಕಾಲಿಟ್ಟರೆ ಹಬೆಯಲ್ಲಿ ಇಡ್ಲಿ ಬೆಂದಂತೆ ಬೇಯಬೇಕು. ಉಷ್ಣಮಾಪಕ ಹಿಡಿದು ನೋಡಿದರೆ ಎರಡೂ ಕಡೆಯ ತಾಪಮಾನದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಅಲ್ಲಿ ಗಾಳಿ ಚಲಿಸುತ್ತದೆ, ಇಲ್ಲಿ ನಿಂತಿರುತ್ತದೆ. ವ್ಯತ್ಯಾಸ ಅಷ್ಟೆ.

ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ವಹನ, ಸಂವಹನ, ವಿಕಿರಣ ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಆ ಪಾಠವನ್ನು ನನ್ನ ಬದುಕಿನಲ್ಲಿ ಬಳಸಬೇಕಾದ ಹೊತ್ತಿನಲ್ಲಿ ಬಳಸಲಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಕಂಪ್ಯೂಟರು ನನಗೆ ಅದನ್ನು ನೆನಪಿಸಿತು. ಅದರ ಕತೆಯನ್ನೂ, ಅದು ಕೆದಕಿದ ಹಳೆಯ ತಪ್ಪೊಂದರ ಕತೆಯನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ. ಜೊತೆಗೆ ಒಂದು ಅಭಿಪ್ರಾಯವನ್ನೂ ಮುಂದಿಡುತ್ತೇನೆ: ನಮ್ಮ ಮನೆ, ಶಾಲೆ, ಅಂಗಡಿಗಳಲ್ಲಿ ಕೆಟ್ಟುಹೋದವೆಂದು ಮೂಲೆ ಸೇರುವ ಎಷ್ಟೋ ಯಂತ್ರಗಳು ವಾಸ್ತವವಾಗಿ ಕೆಟ್ಟಿರುವುದಿಲ್ಲ, ಅವುಗಳಿಗೆ ಉಸಿರು ಕಟ್ಟಿರುತ್ತದೆ. ಕಟ್ಟಿದವರು ನಾವು.

ನನ್ನ ತಮ್ಮನ ಮಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಅಪ್ಪ ಆ ಸಾಲಿನ ಕಬ್ಬಿನ ಹಣದಲ್ಲಿ ಒಂದು ಪಾಲು ತೆಗೆದಿಟ್ಟು ಅವನಿಗೊಂದು ಡೆಸ್ಕ್‌ಟಾಪ್ ಕಂಪ್ಯೂಟರು ಕೊಡಿಸಿದ. ಬಿಡಿಭಾಗಗಳನ್ನು ಆರಿಸಿ ಜೋಡಿಸಿದವನು ಹುಡುಗನೇ. ಮುಂಭಾಗಕ್ಕೂ ಪಕ್ಕಕ್ಕೂ ಕಪ್ಪು ಗಾಜು. ಒಳಗೆ ಬಣ್ಣಬಣ್ಣದ ದೀಪ ಬೆಳಗುವ ಫ್ಯಾನುಗಳು. ನೋಡಲು ದಸರೆಯ ದೀಪಾಲಂಕಾರದ ಹಾಗಿತ್ತು. ಕೊನೆಯ ವರ್ಷದ ಪ್ರಾಜೆಕ್ಟ್ ಮುಗಿಸಬೇಕೆಂದು ಏಪ್ರಿಲ್‌ನಲ್ಲಿ ಅದನ್ನು ನಮ್ಮ ಮನೆಗೆ ತಂದಿಟ್ಟುಕೊಂಡ. ಅವರ ಮನೆಯಲ್ಲಿ ಮದುವೆಯ ಗದ್ದಲವಿತ್ತು.

ಮೂರನೆಯ ದಿನ ಮಧ್ಯಾಹ್ನ ಅವನು ಮುಖ ಸಣ್ಣದು ಮಾಡಿಕೊಂಡು ಜಗುಲಿಗೆ ಬಂದ.

"ದೊಡ್ಡಪ್ಪ, ಸಿಸ್ಟಮ್ಮು ತಾನಾಗೇ ಆಫ್ ಆಗೋಗ್ತಾ ಐತೆ. ರಾತ್ರಿ ಹೊತ್ತು ಚೆನ್ನಾಗಿರ್ತದೆ, ಮಧ್ಯಾಹ್ನ ಆದ್ರೆ ಸಾಕು, ಪ್ರೋಗ್ರಾಂ ಅರ್ಧದಲ್ಲೇ ನಿಂತೋಗ್ತದೆ."

ಅಂಗಡಿಯವರಿಗೆ ಫೋನ್ ಮಾಡಿದ್ದನಂತೆ. ಎಸ್‌ಎಂಪಿಎಸ್ ಹೋಗಿರಬೇಕು, ಇಲ್ಲವೇ ಮದರ್‌ಬೋರ್ಡ್. ತನ್ನಿ ನೋಡೋಣ, ಹೆಚ್ಚುಕಡಿಮೆ ಹದಿನೆಂಟು ಸಾವಿರ ಆಗಬಹುದು ಎಂದಿದ್ದರಂತೆ. ಅಪ್ಪನಿಗೆ ಹೇಗೆ ಹೇಳುವುದೆಂಬುದು ಅವನ ಚಿಂತೆ. ರಾತ್ರಿ ನಡೆದು ಮಧ್ಯಾಹ್ನ ನಿಲ್ಲುವ ಯಂತ್ರಕ್ಕೆ ಯಾವ ರೋಗವೆಂದು ಕೇಳಿದರೆ ಎಂಟನೆಯ ತರಗತಿಯ ಹುಡುಗನೂ ಹೇಳಬಲ್ಲ. ಒಳಗಿನ ತಾಪಮಾನವನ್ನು ತೋರಿಸುವ ತಂತ್ರಾಂಶವಿದೆಯೇ ಎಂದು ಕೇಳಿದೆ. ಇತ್ತು. ಕೆಲಸ ಕೊಟ್ಟು ಹತ್ತು ನಿಮಿಷ ಕಾದೆವು. ಪ್ರೊಸೆಸರಿನ ಅಂಕಿ ಏರುತ್ತಾ ಏರುತ್ತಾ 98 ಡಿಗ್ರಿ ಸೆಲ್ಸಿಯಸ್ ತಲುಪಿತು. ಕೋಣೆಯ ಉಷ್ಣಮಾಪಕ 37 ತೋರಿಸುತ್ತಿತ್ತು.

ಇಂದಿನ ಹಲವು ಪ್ರೊಸೆಸರುಗಳಿಗೆ 100 ಡಿಗ್ರಿಯ ಆಸುಪಾಸು ಲಕ್ಷ್ಮಣರೇಖೆ. ಅದರ ಹತ್ತಿರ ಹೋದಾಗ ಚಿಪ್ಪು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆದರೂ ಕಾವು ಇಳಿಯದಿದ್ದರೆ ಪ್ರಾಣ ಉಳಿಸಿಕೊಳ್ಳಲು ಯಂತ್ರವೇ ಆರಿಹೋಗುತ್ತದೆ. ಅದು ರೋಗವಲ್ಲ, ರಕ್ಷಣೆ. ಆದರೆ ನಮ್ಮಲ್ಲಿ ಮೊದಲನೆಯದಕ್ಕೆ "ವೈರಸ್ ಬಂದಿದೆ, ಹಳೆಯದಾಯಿತು" ಎಂದೂ, ಎರಡನೆಯದಕ್ಕೆ "ಬೋರ್ಡ್ ಹೋಯಿತು" ಎಂದೂ ಅರ್ಥ ಹಚ್ಚುವುದು ರೂಢಿ.

ಇನ್ನು ಒಳಗೆ ಏನು ನಡೆಯುತ್ತದೆಂಬುದನ್ನು ನೋಡೋಣ. ಕಂಪ್ಯೂಟರು ಸೇವಿಸುವ ವಿದ್ಯುತ್ತೆಲ್ಲ ಕಡೆಗೆ ಉಷ್ಣವಾಗಿಯೇ ಹೊರಬರುತ್ತದೆ. 300 ವ್ಯಾಟ್ ಸೇವಿಸುವ ಪೆಟ್ಟಿಗೆಯೆಂದರೆ 300 ವ್ಯಾಟಿನ ಒಂದು ಸಣ್ಣ ಒಲೆಯೇ ಸರಿ. ಚಿಪ್ಪಿನ ಕಾವನ್ನು ಅದರ ನೆತ್ತಿಯ ಮೇಲೆ ಕುಳಿತ ತಾಮ್ರ ಅಥವಾ ಅಲ್ಯುಮಿನಿಯಮ್ಮಿನ ಹೀಟ್‌ಸಿಂಕು ಹೀರಿಕೊಳ್ಳುತ್ತದೆ, ಇದು ವಹನ. ನಿಂತ ಗಾಳಿಗಿಂತ ತಾಮ್ರ ಸುಮಾರು 15,000 ಪಟ್ಟು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ. ಚಿಪ್ಪಿಗೂ ಲೋಹಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಗಾಳಿಯ ಪದರ ಉಳಿದರೂ ಅದು ಗೋಡೆಯಾಗುವುದು ಈ ಕಾರಣಕ್ಕೆ. ನಡುವೆ ಬೂದು ಬಣ್ಣದ ಥರ್ಮಲ್ ಪೇಸ್ಟನ್ನು ಸವರುವುದು ಅಂಟಿಸಲಿಕ್ಕಲ್ಲ, ಆ ಗಾಳಿಯನ್ನು ಹೊರದೂಡಲಿಕ್ಕೆ. ಹೀಟ್‌ಸಿಂಕಿನ ತೆಳುವಾದ ಹಾಳೆಗಳ ನಡುವೆ ಫ್ಯಾನು ಗಾಳಿಯನ್ನು ತಳ್ಳಿ ಕಾವನ್ನು ಹೊತ್ತೊಯ್ಯುತ್ತದೆ; ಇದು ಸಂವಹನ.

ಇಲ್ಲಿಯವರೆಗಿನದು ಎಲ್ಲರಿಗೂ ತಿಳಿದಿರುತ್ತದೆ. ಮುಂದಿನ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಾಗೆ ಬಿಸಿಯಾದ ಗಾಳಿ ಪೆಟ್ಟಿಗೆಯಿಂದ ಎಲ್ಲಿಗೆ ಹೋಗುತ್ತದೆ? ಅದರ ಜಾಗಕ್ಕೆ ತಣ್ಣನೆಯ ಗಾಳಿ ಎಲ್ಲಿಂದ ಬರುತ್ತದೆ?

ಬಹಳ ವರ್ಷಗಳ ನಂತರ ಸೀಮೆಸುಣ್ಣ ಹಿಡಿದಂತೆ ಪೆನ್ಸಿಲ್ ಹಿಡಿದು ಹುಡುಗನ ಮುಂದೆ ಲೆಕ್ಕ ಮಾಡಿದೆ. ಗಾಳಿಯ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ ಡಿಗ್ರಿಯೊಂದಕ್ಕೆ ಸುಮಾರು 1,005 ಜೂಲ್. ಒಂದು ಘನಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. 300 ವ್ಯಾಟ್ ಉಷ್ಣವನ್ನು ಹೊತ್ತೊಯ್ಯುವ ಗಾಳಿ 10 ಡಿಗ್ರಿ ಮಾತ್ರ ಬಿಸಿಯಾಗಬೇಕಾದರೆ ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಒಳಬಂದು ಹೊರಹೋಗಬೇಕು. ಹನ್ನೆರಡು ಲೀಟರಿನ ಕೊಡವಾದರೆ ಪ್ರತಿ ಸೆಕೆಂಡಿಗೂ ಎರಡು ಕೊಡ ಗಾಳಿ! ಅದರಲ್ಲಿ ಅರ್ಧ ಮಾತ್ರ ಹರಿದರೆ ಗಾಳಿ 20 ಡಿಗ್ರಿ ಬಿಸಿಯಾಗುತ್ತದೆ. ಕಾಲುಭಾಗ ಹರಿದರೆ 40 ಡಿಗ್ರಿ. ಕೋಣೆಯೇ 37 ಇದ್ದಾಗ ಪೆಟ್ಟಿಗೆಯ ಒಳಗಿನ ಗಾಳಿ 77 ಆಯಿತು. ಅಂಥ ಗಾಳಿಯನ್ನು ಬೀಸಿ ಚಿಪ್ಪನ್ನು ತಂಪು ಮಾಡಬೇಕೆಂದರೆ ಯಾವ ಫ್ಯಾನಿನಿಂದ ಸಾಧ್ಯ? ಬಾಣಲೆಯಿಂದ ತೆಗೆದು ಕೆಂಡಕ್ಕೆ ಹಾಕಿದಂತೆ.

"ಆದ್ರೆ ದೊಡ್ಡಪ್ಪ, ಇದರಲ್ಲಿ ಮುಂದೆ ಮೂರು, ಹಿಂದೆ ಒಂದು, ಒಟ್ಟು ನಾಲ್ಕು ಫ್ಯಾನ್ ಐತಲ್ಲ?"

ಮಾತಿನಿಂದ ತೀರುವ ಪ್ರಶ್ನೆ ಇದಲ್ಲವೆಂದು ದೇವರಮನೆಯಿಂದ ಒಂದು ಊದುಬತ್ತಿ ಹಚ್ಚಿ ತಂದೆ. ಬೂದಿ ಒಳಗೆ ಬೀಳದಂತೆ ಸ್ವಲ್ಪ ದೂರದಲ್ಲಿ ಹಿಡಿದರೆ ಗಾಳಿಯ ದಾರಿಯನ್ನು ಹೊಗೆ ಬರೆದು ತೋರಿಸುತ್ತದೆ. ಮುಂದಿನ ಗಾಜಿನ ಅಂಚಿನಲ್ಲಿ ಬೆರಳು ತೂರದಷ್ಟು ಸಣ್ಣ ಸೀಳೊಂದಿತ್ತು. ಮೂರು ಫ್ಯಾನುಗಳೂ ಆ ಸೀಳಿನ ಮೂಲಕವೇ ಉಸಿರೆಳೆಯಬೇಕು. ಅಲ್ಲಿ ಹೊಗೆ ಅಲುಗಿದ್ದೇ ಅಲ್ಪ. ಹಿಂದಿನ ಫ್ಯಾನಿನ ಬಳಿ ಹೊಗೆ ರಭಸದಿಂದ ಹೊರಕ್ಕೆ ಹೋಯಿತು. ಆದರೆ ಅದಕ್ಕಿಂತ ಒಂದು ಗೇಣು ಕೆಳಗೆ, ಕಾರ್ಡು ಸಿಕ್ಕಿಸುವ ಸಂದುಗಳಲ್ಲಿ, ಅದೇ ಹೊಗೆ ತಿರುಗಿ ಒಳಕ್ಕೆ ನುಗ್ಗಿತು! ಪೆಟ್ಟಿಗೆಯನ್ನು ನಾವಿಟ್ಟಿದ್ದದ್ದು ಕಂಪ್ಯೂಟರ್ ಟೇಬಲ್ಲಿನ ಗೂಡಿನೊಳಗೆ. ಮೂರು ಕಡೆ ಹಲಗೆ, ಹಿಂದೆ ಗೋಡೆ. ಹೊರಬಂದ ಬಿಸಿಗಾಳಿಗೆ ಹೋಗಲು ಜಾಗವಿಲ್ಲ. ಮುಂದಿನಿಂದ ಸಾಕಷ್ಟು ಗಾಳಿ ಸಿಗದ ಪೆಟ್ಟಿಗೆ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು.

ಪೆಟ್ಟಿಗೆಯನ್ನು ಗೂಡಿನಿಂದ ಹೊರತೆಗೆದು ಗೋಡೆಯಿಂದ ಎರಡು ಗೇಣು ದೂರ ಇಟ್ಟೆವು. ಮುಂದಿನ ಗಾಜನ್ನು ಬಿಚ್ಚಿದೆವು. "ಅಂದವೇ ಹೋಯ್ತದೆ ದೊಡ್ಡಪ್ಪ" ಎಂದು ಹುಡುಗ ಗೊಣಗಿದ. ಧೂಳು ತಡೆಯಲು ಹಳೆಯ ಸೊಳ್ಳೆಪರದೆಯ ತುಂಡೊಂದನ್ನು ಬಿಗಿದೆವು. ಅದೇ ಕೆಲಸ, ಅದೇ ಮಧ್ಯಾಹ್ನ, ಅದೇ 37 ಡಿಗ್ರಿಯ ಕೋಣೆ. ಅಂಕಿ 81ರಲ್ಲಿ ನಿಂತಿತು. ಹದಿನೆಂಟು ಸಾವಿರ ಉಳಿಯಿತು, ಪ್ರಾಜೆಕ್ಟೂ ಮುಗಿಯಿತು.

ಇದರಲ್ಲಿ ನನ್ನದೂ ಒಂದು ತಪ್ಪಿತ್ತು, ಮುಚ್ಚಿಡುವುದಿಲ್ಲ. ಬಿಸಿಗಾಳಿ ಮೇಲೇರುತ್ತದೆ, ಆದ್ದರಿಂದ ನೆತ್ತಿಯಲ್ಲಿ ತೂತಿದ್ದರೆ ಸಾಕು ಎಂದು ನಾನು ಮೊದಲು ವಾದಿಸಿದ್ದೆ. ಆಲೆಮನೆಯ ಒಲೆಯನ್ನು ನೋಡಿ ಬೆಳೆದ ಬುದ್ಧಿ ಅದು. ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಉರಿಯುವಾಗ ಎತ್ತರದ ಹೊಗೆಗೂಡು ತಾನಾಗಿಯೇ ಗಾಳಿಯನ್ನು ಎಳೆಯುತ್ತದೆ. ಅಲ್ಲಿ ಫ್ಯಾನಿನ ಹಂಗಿಲ್ಲ. ಆದರೆ ಆ ಎಳೆತ ಎರಡು ಸಂಗತಿಗಳನ್ನು ಅವಲಂಬಿಸಿದೆ: ಗೂಡಿನ ಎತ್ತರ ಮತ್ತು ಒಳಹೊರಗಿನ ತಾಪದ ಅಂತರ. ಮೊಳದೆತ್ತರದ ಪೆಟ್ಟಿಗೆಯಲ್ಲಿ, ಹದಿನೈದು ಡಿಗ್ರಿಯ ಅಂತರದಲ್ಲಿ ಹುಟ್ಟುವ ಎಳೆತ ಕಾಲು ಪಾಸ್ಕಲಿನಷ್ಟು. ಅಂಗೈಯಗಲದ ಸಾಧಾರಣ ಫ್ಯಾನು ಅದರ ಹತ್ತಾರು ಪಟ್ಟು ಒತ್ತಡ ಕೊಡಬಲ್ಲದು. ಹೀಗಾಗಿ ಕಂಪ್ಯೂಟರಿನೊಳಗೆ ಗಾಳಿ ಫ್ಯಾನು ಹೇಳಿದ ಕಡೆಗೆ ಹೋಗುತ್ತದೆಯೇ ಹೊರತು ನಮ್ಮ ಪಠ್ಯಪುಸ್ತಕ ಹೇಳಿದ ಕಡೆಗಲ್ಲ. ಫ್ಯಾನು ಯಾವ ದಿಕ್ಕಿಗೆ ಕುಳಿತಿದೆ ಎಂಬುದನ್ನು ಊದುಬತ್ತಿಯಿಂದ ಪರೀಕ್ಷಿಸಬೇಕೆನ್ನುವುದು ಆದ್ದರಿಂದಲೇ. ಎದುರುಬದುರಾಗಿ ಬೀಸುವ ಎರಡು ಫ್ಯಾನುಗಳಿಗಿಂತ ಸರಿಯಾದ ದಿಕ್ಕಿನ ಒಂದೇ ಮೇಲು.

ಇಲ್ಲಿಗೆ ಮುಗಿದಿದ್ದರೆ ಇದೊಂದು ರಿಪೇರಿಯ ಕತೆಯಾಗುತ್ತಿತ್ತು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2004ರ ಬೇಸಿಗೆ ನೆನಪಾಗಿತ್ತು.

ಆಗ ನಾನು ಕೆಲಸ ಮಾಡುತ್ತಿದ್ದ ಶಾಲೆಗೆ ಹತ್ತು ಕಂಪ್ಯೂಟರುಗಳು ಬಂದವು. ಊರಿನ ಮಕ್ಕಳು ಕಂಪ್ಯೂಟರನ್ನು ಮುಟ್ಟುವುದು ಅದೇ ಮೊದಲು. ವಿಜ್ಞಾನದ ಮೇಷ್ಟ್ರೆಂಬ ಕಾರಣಕ್ಕೆ ಕೋಣೆಯ ಉಸ್ತುವಾರಿ ನನ್ನ ಹೆಗಲಿಗೆ ಬಿತ್ತು. ಕಳ್ಳರ ಭಯ, ಧೂಳಿನ ಭಯ, ಸುಗ್ಗಿಯಲ್ಲಿ ಗದ್ದೆಗಳಲ್ಲಿ ಕಬ್ಬಿನ ತರಗು ಸುಟ್ಟಾಗ ಹಾರಿಬರುವ ಕರಿಬೂದಿಯ ಭಯ. ನಾಲ್ಕು ಕಿಟಕಿಗಳಿಗೂ ಹಲಗೆ ಹೊಡೆಸಿದೆ. ಮೇಲಿನ ಬೆಳಕಿಂಡಿಗಳಿಗೆ ರಟ್ಟು ತುಂಬಿಸಿದೆ. ಬಾಗಿಲಿಗೆ ದಪ್ಪ ಪರದೆ. ಚಪ್ಪಲಿ ಹೊರಗೆ. ಪಾಠ ಮುಗಿದ ಕೂಡಲೇ ಬಿಸಿಯಾರದ ಯಂತ್ರಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ. ಆಯುಧಪೂಜೆಯಲ್ಲಿ ಪೆಟ್ಟಿಗೆಯ ಕಿಂಡಿಗಳ ಮೇಲೆಯೇ ಚೆಂಡುಹೂವಿನ ಸರ. ಯಂತ್ರಗಳನ್ನು ನಾನು ಗರ್ಭಗುಡಿಯ ಮೂರ್ತಿಯಂತೆ ಕಾಪಾಡಿದೆನೆಂದೇ ಹೆಮ್ಮೆಪಟ್ಟಿದ್ದೆ. ಮುಖ್ಯೋಪಾಧ್ಯಾಯರೂ ಶಹಬಾಸ್ ಎಂದಿದ್ದರು.

ಆ ಕೋಣೆಯಲ್ಲಿ ಒಂದು ಅವಧಿಗೆ ನಲವತ್ತು ಮಕ್ಕಳು ಕೂರುತ್ತಿದ್ದರು, ಒಂದೊಂದು ಯಂತ್ರಕ್ಕೆ ನಾಲ್ವರು. ಫೆಬ್ರವರಿ ಕಳೆಯುತ್ತಿದ್ದಂತೆ ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಲೆಸುತ್ತಿ ಬಿದ್ದಳು. ನೀರು ಚಿಮುಕಿಸಿ, ಹೊರಗೆ ಮರದಡಿ ಕೂರಿಸಿ, "ಬೆಳಿಗ್ಗೆ ಏನೂ ತಿಂದಿಲ್ಲವೇನಮ್ಮ" ಎಂದು ಕೇಳಿದೆವು. ತಿಂದಿದ್ದೇನೆ ಸಾರ್ ಎಂದಳು. ನಾವು ನಂಬಲಿಲ್ಲ. ಮತ್ತೊಮ್ಮೆ ಹಾಗಾದ ಮೇಲೆ ಅವಳು ಕಂಪ್ಯೂಟರ್ ಅವಧಿಗೆ ಬರುವುದನ್ನೇ ಬಿಟ್ಟಳು. ಅವಳಿಗೆ ಆಸಕ್ತಿಯಿಲ್ಲವೆಂದು ನಾನು ಪುಸ್ತಕದಲ್ಲಿ ಬರೆದುಕೊಂಡೆ.

ಮಾರ್ಚಿಯಲ್ಲಿ ಯಂತ್ರಗಳು ಒಂದೊಂದಾಗಿ ನಿಲ್ಲತೊಡಗಿದವು. ರಿಪೇರಿಗೆ ಬಂದವರು ಎಸ್‌ಎಂಪಿಎಸ್ ಬದಲಿಸಿದರು. ಎರಡು ವಾರದಲ್ಲಿ ಅದೂ ಹೋಯಿತು. ಮುಚ್ಚಳ ತೆಗೆದಾಗ ಮೂರು ಯಂತ್ರಗಳ ಮದರ್‌ಬೋರ್ಡಿನಲ್ಲಿ ಕೆಪಾಸಿಟರುಗಳ ನೆತ್ತಿ ಊದಿಕೊಂಡಿತ್ತು. ಆ ಕಾಲದಲ್ಲಿ ಕಳಪೆ ಕೆಪಾಸಿಟರುಗಳು ಜಗತ್ತಿನಾದ್ಯಂತ ಮಾರುಕಟ್ಟೆಗೆ ಬಂದಿದ್ದವೆಂಬುದು ನಿಜ. ಆದರೆ ತಾಪ ಹತ್ತು ಡಿಗ್ರಿ ಹೆಚ್ಚಿದರೆ ಇಂಥ ಕೆಪಾಸಿಟರಿನ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಆ ವೃತ್ತಿಯವರೆಲ್ಲರೂ ಬಲ್ಲ ಲೆಕ್ಕ. ಕಳಪೆಯದನ್ನು ಬೇಗ ಕೊಂದದ್ದು ನನ್ನ ಕೋಣೆ. ಬಂದವರಲ್ಲಿ ಒಬ್ಬ ಹುಡುಗ ಒಳಗೆ ಕಾಲಿಟ್ಟವನೇ "ಏನ್ ಸಾರ್, ಕುಲುಮೆ ಇದ್ದಂಗೈತೆ" ಎಂದು ಕಿಟಕಿಯ ಹಲಗೆ ಕೀಳಿಸಿದ. ಯಂತ್ರಗಳು ಉಳಿಯಬೇಕಲ್ಲ, ನಾನೂ ಒಪ್ಪಿದೆ.

ಈ ಮಾತನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಮಕ್ಕಳಿಗೆ ತೆರೆಯದ ಕಿಟಕಿಗಳನ್ನು ನಾನು ಯಂತ್ರಗಳಿಗಾಗಿ ತೆರೆದೆ.

ಮೊನ್ನೆ ಅದರ ಲೆಕ್ಕವನ್ನೂ ಮಾಡಿ ನೋಡಿದೆ. ಆ ಕಾಲದ ಕಂಪ್ಯೂಟರು, ಅದರ ಜೊತೆಗಿನ ದಪ್ಪ ಗಾಜಿನ ಮಾನಿಟರು ಸೇರಿ 200 ವ್ಯಾಟ್ ಎಂದುಕೊಳ್ಳಿ. ಹತ್ತಕ್ಕೆ 2,000 ವ್ಯಾಟ್. ಸುಮ್ಮನೆ ಕುಳಿತ ದೊಡ್ಡವರ ದೇಹ ಸುಮಾರು 100 ವ್ಯಾಟ್ ಉಷ್ಣ ಹೊರಹಾಕುತ್ತದೆ. ಮಕ್ಕಳಿಗೆ 75 ಎನ್ನೋಣ. ನಲವತ್ತು ಮಕ್ಕಳಿಗೆ 3,000 ವ್ಯಾಟ್. ಒಟ್ಟು 5,000. ಐದು ಇಸ್ತ್ರಿಪೆಟ್ಟಿಗೆಗಳನ್ನು ಒಮ್ಮೆಲೇ ಉರಿಸಿದಂತೆ. ಕೋಣೆ ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಹನ್ನೊಂದು ಅಡಿ ಎತ್ತರ. ಅದರೊಳಗಿನ ಗಾಳಿಯ ತೂಕ ಒಂದೂವರೆ ಕ್ವಿಂಟಾಲಿಗೂ ಕಡಿಮೆ. ಗೋಡೆಗಳು ಹೀರಿಕೊಳ್ಳದೇ ಇದ್ದಿದ್ದರೆ ಆ ಗಾಳಿ ನಿಮಿಷಕ್ಕೆ ಎರಡು ಡಿಗ್ರಿಯಂತೆ ಏರುತ್ತಿತ್ತು. ಗೋಡೆಗಳು ಹೀರಿಕೊಂಡಿದ್ದರಿಂದ ನಾವು ಬದುಕಿದೆವು, ಆದರೆ ಅವುಗಳ ಹೀರುವಿಕೆಗೂ ಮಿತಿಯಿದೆ. ಆ ಕೋಣೆಯಲ್ಲಿ ಹೆಚ್ಚು ಕಾವನ್ನು ಕೊಡುತ್ತಿದ್ದವು ಯಂತ್ರಗಳಲ್ಲ, ಮಕ್ಕಳು. ಕೆಪಾಸಿಟರು ಊದಿಕೊಂಡು ದೂರು ಹೇಳಿತು. ಹುಡುಗಿ ಬಾಯಿಬಿಟ್ಟು ಹೇಳಿದರೂ ನಾನು ಕೇಳಲಿಲ್ಲ.

ನಮ್ಮ ಹಿರಿಯರಿಗೆ ಈ ವಿದ್ಯೆ ತಿಳಿಯದೇ ಇರಲಿಲ್ಲ. ನಾನು ಹುಟ್ಟಿದ ತೊಟ್ಟಿಮನೆಯಲ್ಲಿ ನಡುವಿನ ತೊಟ್ಟಿಯ ಮೇಲೆ ಆಕಾಶ ಕಾಣುತ್ತಿತ್ತು. ಒಳಗಿನ ಬಿಸಿಗಾಳಿ ಅಲ್ಲಿಂದ ಹೊರಹೋದರೆ ಮುಂಬಾಗಿಲು, ಹಿತ್ತಿಲ ಬಾಗಿಲುಗಳಿಂದ ತಂಪುಗಾಳಿ ಬರುತ್ತಿತ್ತು. ಅಡುಗೆಮನೆಗೆ ಗವಾಕ್ಷಿಯಿಲ್ಲದೆ ಯಾರೂ ಮನೆ ಕಟ್ಟುತ್ತಿರಲಿಲ್ಲ. ಶ್ರೀರಂಗಪಟ್ಟಣಕ್ಕೆ ಬಂದ ಪ್ರವಾಸಿಗಳು ದರಿಯಾ ದೌಲತ್ತಿನ ಗೋಡೆಯ ಚಿತ್ರಗಳನ್ನು ನೋಡಿ ಹೋಗುತ್ತಾರೆ. ನಾನು ಮಕ್ಕಳನ್ನು ಕರೆದೊಯ್ದಾಗ ಕಟ್ಟಡವನ್ನು ನೋಡಿ ಎನ್ನುತ್ತಿದ್ದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಿಗೆಯ ಅರಮನೆ ಎತ್ತರದ ಜಗತಿಯ ಮೇಲೆ ನಿಂತಿದೆ. ಬಹುಪಾಲು ಮರದ ಕೆಲಸ, ಸುತ್ತಲೂ ಅಗಲವಾದ ಪಡಸಾಲೆ, ಅದರಾಚೆ ತೋಟ, ಪಕ್ಕದಲ್ಲಿ ಕಾವೇರಿ. ಬಿಸಿಲು ಒಳಗೋಡೆಗೆ ತಾಕುವುದಿಲ್ಲ, ಗಾಳಿಗೆ ತಡೆಯಿಲ್ಲ. ಇದನ್ನೆಲ್ಲ ಮಕ್ಕಳಿಗೆ ವಿವರಿಸಿ, ಮರುದಿನ ಶಾಲೆಗೆ ಬಂದು ಕಿಟಕಿಗೆ ಹಲಗೆ ಹೊಡೆಸಿದವನು ನಾನೇ.

ದೊಡ್ಡ ಕಂಪನಿಗಳೂ ಈ ವಿಷಯದಲ್ಲಿ ಎಡವಿದ್ದುಂಟು. 2000ದ ಕೊನೆಯಲ್ಲಿ ಬಂದ ಪೆಂಟಿಯಂ 4 ಪ್ರೊಸೆಸರನ್ನು ಇಂಟೆಲ್ ವರ್ಷದಿಂದ ವರ್ಷಕ್ಕೆ ವೇಗಗೊಳಿಸುತ್ತಾ ಹೋಗಿ, 2004ರ ಹೊತ್ತಿಗೆ ಅದರ ಕಾವು 100 ವ್ಯಾಟನ್ನು ದಾಟಿತ್ತು. 4 ಗಿಗಾಹರ್ಟ್ಸ್ ಚಿಪ್ಪನ್ನು ತರುವ ಯೋಜನೆಯನ್ನು ಆ ವರ್ಷವೇ ಕೈಬಿಟ್ಟರು. 1995ರಿಂದ ಬಳಕೆಯಲ್ಲಿದ್ದ ಎಟಿಎಕ್ಸ್ ಎಂಬ ಪೆಟ್ಟಿಗೆಯ ಮಾದರಿಯ ಬದಲಿಗೆ, ಮುಂದಿನಿಂದ ಬಂದ ಗಾಳಿ ನೇರವಾಗಿ ಪ್ರೊಸೆಸರಿನ ಮೇಲೆ ಹರಿಯುವಂಥ ಬಿಟಿಎಕ್ಸ್ ಎಂಬ ಹೊಸ ಮಾದರಿಯನ್ನು ಮುಂದಿಟ್ಟರು. ಅಷ್ಟರಲ್ಲಿ 2006ರಲ್ಲಿ 65 ವ್ಯಾಟಿನ ಕೋರ್ 2 ಡ್ಯುಯೋ ಬಂದು ಕಾವು ಇಳಿಯಿತು. ಬಿಟಿಎಕ್ಸ್ ಮೂಲೆಗೆ ಸೇರಿತು. ಈಗ ಚಕ್ರ ಮತ್ತೆ ತಿರುಗಿದೆ. ಕೋರ್ ಐ9-14900ಕೆ ಎಂಬ ಪ್ರೊಸೆಸರಿನ ಗರಿಷ್ಠ ಬಳಕೆ 253 ವ್ಯಾಟ್. 2025ರಲ್ಲಿ ಬಂದ ಆರ್‌ಟಿಎಕ್ಸ್ 5090 ಎಂಬ ಗ್ರಾಫಿಕ್ಸ್ ಕಾರ್ಡು 575 ವ್ಯಾಟ್. ಇಂಥವನ್ನು ತುಂಬುವ ಪೆಟ್ಟಿಗೆಗೆ ಅಂದಕ್ಕಾಗಿ ಗಾಜಿನ ಮುಖ ಹಾಕಿ ಮಾರುವುದೆಂದರೆ ಓಡುವ ಮನುಷ್ಯನ ಮೂಗಿಗೆ ಬಟ್ಟೆ ಕಟ್ಟಿದಂತೆಯೇ ಅಲ್ಲವೇ?

ಧೂಳಿನ ಮಾತೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಸೀಮೆಯಲ್ಲಿ ಧೂಳು, ಕರಿಬೂದಿ, ಹಲ್ಲಿ, ಜಿರಲೆ ಎಲ್ಲವೂ ಉಂಟು. ಹೀಟ್‌ಸಿಂಕಿನ ಹಾಳೆಗಳ ನಡುವೆ ಧೂಳು ಕಂಬಳಿಯಂತೆ ಕೂತರೆ ಗಾಳಿ ದಾಟಲಾರದು. ಆದರೆ ಧೂಳಿಗೆ ಮದ್ದು ಮುಚ್ಚುವುದಲ್ಲ, ಸೋಸುವುದು. ಒಳತರುವ ಫ್ಯಾನುಗಳ ಮುಂದೆ ಜಾಲರಿಯಿರಲಿ, ಹೊರಹಾಕುವ ಗಾಳಿಗಿಂತ ಒಳತರುವ ಗಾಳಿ ತುಸು ಹೆಚ್ಚಿರಲಿ. ಆಗ ಸಂದುಗೊಂದುಗಳಿಂದ ಗಾಳಿ ಹೊರಕ್ಕೆ ಸೋರುತ್ತದೆಯೇ ಹೊರತು ಧೂಳನ್ನು ಒಳಕ್ಕೆ ಎಳೆಯುವುದಿಲ್ಲ. ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯುವುದು ಐದು ನಿಮಿಷದ ಕೆಲಸ. ಮೂರು ನಾಲ್ಕು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಬ್ಲೋವರಿನಿಂದ ಊದಿದರೆ ಸಾಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಗಿರ್ರನೆ ಹುಚ್ಚುವೇಗದಲ್ಲಿ ತಿರುಗಿದರೆ ಬೇರಿಂಗು ಹಾಳಾಗುತ್ತದೆ.

ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಬಿಡುವವರೂ ನಮ್ಮಲ್ಲಿ ಬಹಳ. ನಾನೂ ಬಿಟ್ಟಿದ್ದೇನೆ. ಪರೀಕ್ಷೆಗೆ ಅದು ಒಳ್ಳೆಯ ಉಪಾಯ: ಮುಚ್ಚಳ ತೆಗೆದಾಗ ಅಂಕಿ ಹತ್ತು ಡಿಗ್ರಿ ಇಳಿದರೆ ತಪ್ಪಿರುವುದು ಪೆಟ್ಟಿಗೆಯ ದಾರಿಯಲ್ಲಿ ಎಂದು ತಿಳಿಯಬೇಕು, ಇಳಿಯದಿದ್ದರೆ ಹೀಟ್‌ಸಿಂಕನ್ನೋ ಪೇಸ್ಟನ್ನೋ ನೋಡಬೇಕು. ಆದರೆ ಅದನ್ನೇ ಶಾಶ್ವತ ಪರಿಹಾರವೆಂದು ಬಗೆದರೆ ಮುಂದಿನಿಂದ ಹಿಂದಕ್ಕೆ ಹರಿಯುವ ಪ್ರವಾಹ ಒಡೆದುಹೋಗಿ ಹಾರ್ಡ್‌ಡಿಸ್ಕಿನಂಥ ಮೂಲೆಯ ಭಾಗಗಳಿಗೆ ಗಾಳಿ ತಪ್ಪುತ್ತದೆ. ಹಲ್ಲಿಗೆ ಹೊಸ ಮನೆ ಸಿಗುತ್ತದೆ.

ಎಸಿ ಹಾಕಿಸಿದರಾಯಿತು ಎನ್ನುವವರಿಗೂ ಒಂದು ಮಾತು. ಎಸಿ ಕೋಣೆಯ ಗಾಳಿಯನ್ನು ತಂಪು ಮಾಡುತ್ತದೆ. ಆ ಗಾಳಿ ಪೆಟ್ಟಿಗೆಯೊಳಕ್ಕೆ ಹೋಗುವ ದಾರಿಯನ್ನು ತೆರೆಯುವುದಿಲ್ಲ. ಬೆಂಗಳೂರಿನ ದೊಡ್ಡ ಡೇಟಾ ಸೆಂಟರುಗಳಲ್ಲಿ ಕೋಟಿಗಟ್ಟಲೆ ಬೆಲೆಯ ಶೈತ್ಯಯಂತ್ರಗಳಿದ್ದರೂ ಸರ್ವರುಗಳನ್ನು ಸಾಲಾಗಿ ಜೋಡಿಸುವಾಗ ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಬರುವಂತೆ ಇಡುತ್ತಾರೆ. ಒಂದು ಓಣಿಯಲ್ಲಿ ತಂಪುಗಾಳಿ ಮಾತ್ರ, ಪಕ್ಕದ ಓಣಿಯಲ್ಲಿ ಬಿಸಿಗಾಳಿ ಮಾತ್ರ. ಎರಡೂ ಬೆರೆಯಬಾರದು. ಕೋಟಿ ಖರ್ಚು ಮಾಡುವವರೇ ದಾರಿಯ ಲೆಕ್ಕ ಬಿಡದಿರುವಾಗ ಐವತ್ತು ಸಾವಿರ ಖರ್ಚು ಮಾಡುವ ನಾವು ಬಿಡಬಹುದೇ?

ನನ್ನ ಕೋರಿಕೆಗಳು ಕೆಲವೇ. ಕಂಪ್ಯೂಟರ್ ಟೇಬಲ್ ಮಾಡುವ ಬಡಗಿಗಳು ಪೆಟ್ಟಿಗೆಯ ಗೂಡಿಗೆ ಹಿಂಬದಿಯ ಹಲಗೆಯನ್ನೂ ಮುಂದಿನ ಬಾಗಿಲನ್ನೂ ಹಾಕದಿರಲಿ. ಮಾರುವವರು ಗಾಜಿಗಿಂತ ಜಾಲರಿಯ ಮುಖವಿರುವ ಕ್ಯಾಬಿನೆಟ್ಟನ್ನು ತೋರಿಸಲಿ. ರಿಪೇರಿ ಮಾಡುವವರು ಬಿಡಿಭಾಗ ಬದಲಿಸುವ ಮೊದಲು ಯಂತ್ರ ಎಲ್ಲಿತ್ತು, ಯಾವ ಹೊತ್ತಿನಲ್ಲಿ ನಿಂತಿತು ಎಂದು ಕೇಳಲಿ. ವೈದ್ಯರಾದವರು ಔಷಧ ಬರೆಯುವ ಮೊದಲು ಊಟ ನಿದ್ದೆಗಳನ್ನು ವಿಚಾರಿಸುವುದಿಲ್ಲವೇ? ನಮ್ಮ ದೇಶದಲ್ಲಿ ಇ-ತ್ಯಾಜ್ಯದ ನಿಯಮಗಳು 2012ರಿಂದ ಜಾರಿಯಲ್ಲಿವೆ. ಎಸೆಯುವ ಬಗೆಯನ್ನು ನಿಯಮ ಹೇಳುತ್ತದೆ. ಎಸೆಯದೆ ಉಳಿಸುವುದು ನಮ್ಮ ಕೈಯಲ್ಲಿದೆ. ಶಾಲೆಗಳಲ್ಲಿ ಕಂಪ್ಯೂಟರ್ ಕೋಣೆಯ ಹೊಣೆ ಹೊತ್ತ ಕಿರಿಯ ಮಿತ್ರರು ಕಿಟಕಿಗೆ ಹಲಗೆಯ ಬದಲು ಕಬ್ಬಿಣದ ಸರಳು ಮತ್ತು ಜಾಲರಿ ಹಾಕಿಸಲಿ. ಎದುರುಬದುರಿನ ಎರಡು ಗೋಡೆಗಳಲ್ಲಿ ಗಾಳಿಗೆ ಒಂದೊಂದು ಬಾಗಿಲಿರಲಿ, ಬರಲೊಂದು, ಹೋಗಲೊಂದು. ಒಂದೇ ಇದ್ದರೆ ಅದು ಇಲ್ಲದಿರುವುದಕ್ಕೆ ಹತ್ತಿರ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಪಾಂಡವಪುರದ ಕಡೆಗೆ ಹೋದಳು. ಎರಡು ವರ್ಷದ ಹಿಂದೆ ಬೆಟ್ಟದ ಜಾತ್ರೆಯಲ್ಲಿ ಸಿಕ್ಕಿ ನಮಸ್ಕಾರ ಮಾಡಿದಳು. ಮಗಳನ್ನು ಕಂಪ್ಯೂಟರ್ ಓದಿಸುತ್ತಿದ್ದೇನೆ ಎಂದಳು. "ನೀನು ಆಗ ಕ್ಲಾಸಿಗೆ ಬರುವುದನ್ನೇ ಬಿಟ್ಟೆಯಲ್ಲಮ್ಮ" ಎಂದೆ, ತಮಾಷೆಗೆಂಬಂತೆ. "ಆ ರೂಮಲ್ಲಿ ಉಸಿರು ಕಟ್ತಿತ್ತು ಸಾರ್, ಹೇಳಿದ್ನಲ್ಲ" ಎಂದಳು. ಅವಳ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ನಾನು ಅಂದು ಉತ್ತರಿಸಲಿಲ್ಲ. ಅವಳು ಹೇಳಿದ್ದು ನಿಜ, ನಾನು ಬರೆದುಕೊಂಡದ್ದು ಸುಳ್ಳು ಎಂದು ಇಲ್ಲಿಯಾದರೂ ತಿದ್ದಿ ಬರೆಯುತ್ತಿದ್ದೇನೆ.